ಯುಕ್ಲೂಲೆಟ್‌ನಲ್ಲಿ ಅಷ್ಟಮಿ

ಆಗಸ್ಟ್ ಕೊನೆಯಲ್ಲಿ ಮೀನಿಗೆ ಹೋಗಲು ದೋಣಿ ಗೊತ್ತುಮಾಡುವ ಮೊದಲು ನಾನು ಪಂಚಾಂಗ ತೆರೆಯುತ್ತೇನೆ. ಕೆನಡಾದ ವ್ಯಾಂಕೂವರ್ ದ್ವೀಪದ ಪಶ್ಚಿಮ ಅಂಚಿನ ಈ ಯುಕ್ಲೂಲೆಟ್ ಊರಿನಲ್ಲಿ ಕುಳಿತು ಅಷ್ಟಮಿ ಹುಡುಕುವವಳು ಬಹುಶಃ ನಾನೊಬ್ಬಳೇ. ದೋಣಿಯವನ ಉಬ್ಬರವಿಳಿತದ ಪಟ್ಟಿಯೂ ಅದನ್ನೇ ಹೇಳುತ್ತದೆ: ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸೆಳೆತ ಜೋರು, ಅಷ್ಟಮಿ ಕಳೆದ ಒಂದೆರಡು ದಿನ ಸೌಮ್ಯ.

ಹ್ಯಾಲಿಬಟ್ ಬೇಕಾದರೆ ಆ ಸೌಮ್ಯ ದಿನಗಳೇ ಬೇಕು. ನಮ್ಮ ನಂಗು ಮೀನಿನ ದೈತ್ಯ ನೆಂಟ ಇದು, ಕಣ್ಣೆರಡೂ ಬಲಮಗ್ಗುಲಲ್ಲೇ. 200 ಅಡಿ ಕೆಳಗೆ ನೆಲಕ್ಕಂಟಿ ಮಲಗಿರುತ್ತದೆ. ಸೆಳೆತವಿದ್ದರೆ ಒಂದು ಕಿಲೋ ಸೀಸ ಕಟ್ಟಿದರೂ ಗಾಳ ತಳದಲ್ಲಿ ನಿಲ್ಲದು. ಕಳೆದ ವರ್ಷ ಹುಣ್ಣಿಮೆಯ ಮರುದಿನ ಹೋಗಿ, ಸಂಜೆಯವರೆಗೆ ಸೀಸ ಎತ್ತಿ ಇಳಿಸಿ, ತೋಳುನೋವನ್ನಷ್ಟೇ ಹೊತ್ತು ಬಂದಿದ್ದೆ.

ಈ ಸಲ ಬೆಳಗಿನ ಐದೂವರೆಗೆ ಹೊರಟಾಗ ದಟ್ಟ ಮಂಜು. ಇಲ್ಲಿಯವರು ಈ ತಿಂಗಳನ್ನು ‘ಫಾಗಸ್ಟ್’ ಎಂದೇ ಕರೆಯುತ್ತಾರೆ. ವಾಯವ್ಯದ ಗಾಳಿ ಮೇಲಿನ ನೀರನ್ನು ಆಚೆಗೆ ತಳ್ಳುತ್ತದೆ, ಆಳದ ತಣ್ಣೀರು ಮೇಲೇಳುತ್ತದೆ, ಅದರ ಮೇಲೆ ಹಾಯುವ ತೇವದ ಗಾಳಿ ಮಂಜಾಗುತ್ತದೆ. ಬೈಯುವಂತೆಯೂ ಇಲ್ಲ, ಹೆರ್ರಿಂಗ್ ಮೀನು ಬೆಳೆಯುವುದು ಆ ತಣ್ಣೀರಿನ ಸಾರದಿಂದ. ಸಾಲ್ಮನ್ ಬೆಳೆಯುವುದು ಹೆರ್ರಿಂಗ್ ತಿಂದು. ಆಂಫಿಟ್ರೈಟ್ ದೀಪಸ್ತಂಭ ಪಕ್ಕದಲ್ಲೇ ಇದ್ದರೂ ರೇಡಾರ್‌ನಲ್ಲಿ ಮಾತ್ರ ದಡ ಕಂಡಿತು.

ಈ ಹೊತ್ತಿಗೆ ಚಿನೂಕ್ ಸಾಲ್ಮನ್‌ಗಳು ಹೊರಗಡಲು ಬಿಟ್ಟು ಬಾರ್ಕ್ಲಿ ಸೌಂಡ್ ಎಂಬ ಕೊಲ್ಲಿಯ ಬಂಡೆಗಳನ್ನು ಸವರಿಕೊಂಡು ಸೊಮಾಸ್ ನದಿಯತ್ತ ಸಾಗುತ್ತಿರುತ್ತವೆ. ನದಿ ಹತ್ತಿರವಾದಂತೆ ಅವುಗಳ ಹಸಿವು ಅಡಗುತ್ತದೆ. ಎರೆಯನ್ನು ಕಚ್ಚುವುದು ಸಿಟ್ಟಿಗೇ ಇರಬೇಕು ಎಂದು ನನ್ನ ಗುಮಾನಿ. 30 ಪೌಂಡ್ ದಾಟಿದ್ದಕ್ಕೆ ‘ಟೈಯೀ’ ಎಂಬ ಬಿರುದಿದೆ. ನಮ್ಮದು 18ಕ್ಕೇ ನಿಂತಿತು. ಆಮೇಲೆ ಬಿದ್ದ ಕೋಹೋ ಎಂಬ ಇನ್ನೊಂದು ಜಾತಿಯ ಸಾಲ್ಮನ್‌ನ ಬೆನ್ನಿನ ಹಿಂದಿನ ಪುಟ್ಟ ರೆಕ್ಕೆ ಹಾಗೇ ಇತ್ತು. ಸಾಕಣೆ ಕೇಂದ್ರದ ಮರಿಗಳಿಗೆ ಅದನ್ನು ಕತ್ತರಿಸಿ ಗುರುತು ಮಾಡಿರುತ್ತಾರೆ. ಇದು ಹೊಳೆಯಲ್ಲೇ ಹುಟ್ಟಿದ್ದು, ಇಟ್ಟುಕೊಳ್ಳುವಂತಿರಲಿಲ್ಲ. ಕೊಕ್ಕೆಗೆ ಹಿಮ್ಮುಳ್ಳು ಇರಕೂಡದೆಂಬುದು ಇಲ್ಲಿಯ ನಿಯಮ, ಹಾಗಾಗಿ ಸಲೀಸಾಗಿ ಬಿಡಿಸಿ ಬಿಟ್ಟೆವು.

ಹನ್ನೊಂದರ ಸುಮಾರಿಗೆ ಉಬ್ಬರ ಇಳಿತಗಳ ನಡುವೆ ನೀರಿನ ಸೆಳೆತ ನಿಂತಿತು. ಮುಕ್ಕಾಲು ಗಂಟೆಯಷ್ಟೇ ಅವಕಾಶ. ಸೀಸ ತಳ ಮುಟ್ಟಿ ಅಲ್ಲೇ ಕುಳಿತದ್ದು ಬೆರಳಿಗೆ ತಿಳಿಯಿತು. ಎರಡು ಸಲ ಜಗ್ಗಿದಂತಾಯಿತು, ಮೂರನೆಯ ಸಲ ಕೋಲು ಬಾಗಿತು. ಮೇಲೆ ತರುವಷ್ಟರಲ್ಲಿ ಹಾಸುಗಲ್ಲು ಎಳೆದ ಅನುಭವ. 86 ಸೆಂಟಿಮೀಟರ್. ಹ್ಯಾಲಿಬಟ್‌ನ ಉದ್ದವನ್ನು ಕೂಡಲೇ ಪರವಾನಗಿಯಲ್ಲಿ ಬರೆಯಬೇಕು. ಬೆರಳು ಮರಗಟ್ಟಿದ್ದರಿಂದ ನನ್ನ 6 ಸೊನ್ನೆಯಂತೆ ಕಾಣುತ್ತಿದೆ.