ಇಪ್ಪತ್ತನಾಲ್ಕು ಕಡ್ಡಿ, ಹನ್ನೆರಡು ಮೂಲೆ

ಈ ಸಲದ ಆಟಿ ತಿಂಗಳಲ್ಲಿ (ತುಳುವರ ಮಳೆಗಾಲದ ತಿಂಗಳು), ಮಳೆ ಒಂದೇ ಸಮನೆ ಹೊಯ್ಯುತ್ತಿದ್ದ ದಿನ, ನಮ್ಮ ಕ್ರಾಫ್ಟ್ ಮಾಸ್ಟ್ರು ತೀರಿಕೊಂಡರು. ವಾಟ್ಸ್ಯಾಪ್ ಗುಂಪಿಗೆ ಸುದ್ದಿ ಬಂದಾಗ ಹಳೆ ವಿದ್ಯಾರ್ಥಿಗಳೆಲ್ಲ ಸಾಲಾಗಿ ಕೈಮುಗಿದ ಚಿತ್ರ ಹಾಕಿದರು. ಒಬ್ಬ ಮಾತ್ರ, ದೀಪಾವಳಿಗೆ ನಾವು ಬಿದಿರಿನಲ್ಲಿ ಕಟ್ಟಿ ತೂಗುಹಾಕುವ ಗೂಡುದೀಪದ, ಇನ್ನೂ ಕಾಗದ ಅಂಟಿಸದ್ದರ ಫೋಟೊ ಹಾಕಿದ. ಅಲ್ಲಿಂದ ಶುರುವಾದ ಚರ್ಚೆ ರಾತ್ರಿ ಹನ್ನೊಂದಕ್ಕೂ ಮುಗಿಯಲಿಲ್ಲ: ಅಂಟಿಗೆ ಮೈದಾ ಎಷ್ಟು ಚಮಚ? ಮೂರು ಎಂದವರು ಹೆಚ್ಚು, ನಾಲ್ಕು ಎಂದು ಪಟ್ಟು ಹಿಡಿದವರು ಇಬ್ಬರು. ಎಂಟನೇ ಕ್ಲಾಸಿನ ಸಮಾಜ ಪುಸ್ತಕದಲ್ಲಿ ಮೊದಲ ಪಾಠ ಯಾವುದೆಂದು ಕೇಳಿದ್ದರೆ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಶಾಲೆಯ ಸಂಚಿಕೆಗೆ ನೆನಪು ಬರೆದುಕೊಡಿ ಎಂಬ ಪತ್ರ ಅದೇ ವಾರ ಬಂತು. ಮಾಸ್ಟ್ರ ಲೆಕ್ಕವನ್ನು ಒಮ್ಮೆ ಸರಿಯಾಗಿ ಬರೆದಿಡುವುದೇ ಒಳ್ಳೆಯದು. ಮೂರೇ ಸರಿ.

ತುಳುವಿನ ನಿರ್ನಾಲ್ ತಿಂಗಳು ಕಳೆದು ಬೊಂತೆಲ್ (ಅಕ್ಟೋಬರ್ ನಡುವಿನಿಂದ) ಬಂತೆಂದರೆ ನಮ್ಮ ಕಡೆ ಮನೆಮನೆಯಲ್ಲೂ ದೊಡ್ಡವರ ಕೈ ಖಾಲಿ ಇರುವುದಿಲ್ಲ. ಗದ್ದೆಯಲ್ಲಿ ಏಣೆಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು, ಮನೆ ಮುಂದೆ ಹುಲ್ಲು ಕೆತ್ತಿ ಅಂಗಳ ಮಾಡುವ ಕೆಲಸ, ಸಂಜೆಯಾದರೆ ಗುಡುಗು ಕಟ್ಟಿಕೊಂಡು ಬರುವ ಮಳೆ. ದಸರಾ ರಜೆಯ ಮಕ್ಕಳನ್ನು ವಿಚಾರಿಸುವವರು ಯಾರೂ ಇಲ್ಲ. ಮಾಸ್ಟ್ರು ಹಿಡಿದದ್ದು ಇದೇ ಸಂದನ್ನು. ರಜೆಗೆ ಮುಂಚಿನ ಕೊನೆಯ ಕ್ರಾಫ್ಟ್ ಪೀರಿಯಡ್ಡಿನಲ್ಲಿ ನೂಲುವ ತಕಲಿ, ಹತ್ತಿಯ ಹಂಜಿಗಳನ್ನೆಲ್ಲ ಡಬ್ಬಿಗೆ ಹಾಕಿಸಿ ಒಂದೇ ಮಾತು ಹೇಳುತ್ತಿದ್ದರು: "ಬಿದಿರು ಈಗಲೇ ಕಡಿದು ನೆರಳಲ್ಲಿ ಇಡಿ. ಹಬ್ಬದ ಹಿಂದಿನ ದಿನ ಕಡಿದು ತಂದವನನ್ನು ಒಳಗೆ ಬಿಡುವುದಿಲ್ಲ."

ಕಾರಣ ಇಲ್ಲದ್ದಲ್ಲ. ಹಸಿ ಬಿದಿರು ಒಣಗುತ್ತ ಕುಗ್ಗುತ್ತದೆ. ಅದರ ಮೇಲೆ ಬಿಗಿದ ನೂಲು ಎಷ್ಟು ಗಟ್ಟಿ ಗಂಟಾದರೂ ಸಡಿಲಾಗುತ್ತದೆ. ಎಳೆಯದಾದರೆ ಕುಟ್ಟೆ ಹುಳ ಬೇರೆ. ಮೂರು ವರ್ಷ ದಾಟಿದ ಬಿದಿರು, ಒಂದು ವಾರ ಕೆರೆಯ ನೀರಿನಲ್ಲಿ, ಮತ್ತೆ ಹದಿನೈದು ದಿನ ನೆರಳಿನಲ್ಲಿ. ಹುಳಕ್ಕೆ ಬೇಕಾದ ಹಿಟ್ಟಿನ ಅಂಶ ನೀರಿನಲ್ಲಿ ಬಿಟ್ಟುಹೋಗುತ್ತದೆ. ಗೆಣ್ಣಿಂದ ಗೆಣ್ಣಿಗೆ 10 ಇಂಚಾದರೂ ಇರುವ ತುಂಡು ಆರಿಸಬೇಕು, ಏಕೆಂದರೆ ಕಡ್ಡಿಯ ಅಳತೆ ಒಂದು ಗೇಣು, 9 ಇಂಚು. ನಡುವೆ ಗೆಣ್ಣು ಬಂದರೆ ಅಲ್ಲಿ ಸೀಳು ದಾರಿ ತಪ್ಪುತ್ತದೆ.

ಸೀಳುವುದನ್ನು ಅವರು ಕಲಿಸಿದ ಬಗೆ ಇಂದಿಗೂ ಕಣ್ಣ ಮುಂದಿದೆ. ಅಂಚಿನಿಂದ ಒಂದೊಂದೇ ಕಡ್ಡಿ ಎಬ್ಬಿಸುವಂತಿಲ್ಲ. ಮೊದಲು ಅರ್ಧ, ಆ ಅರ್ಧದಲ್ಲಿ ಅರ್ಧ, ಮತ್ತೆ ಅರ್ಧ. ಎರಡು ಕಡೆ ಸಮ ದಪ್ಪ ಇದ್ದರೆ ಸೀಳು ನೆಟ್ಟಗೆ ಇಳಿಯುತ್ತದೆ. ಇಳಿಯುತ್ತ ಒಂದು ಕಡೆ ತೆಳ್ಳಗಾಗತೊಡಗಿದರೆ ನಮ್ಮ ಕೈ ತಾನಾಗಿ ತೆಳ್ಳಗಿನ ಕಡೆಯನ್ನೇ ಎಳೆಯುತ್ತದೆ, ಅದು ಪಟಕ್ಕನೆ ಮುರಿಯುತ್ತದೆ. "ದಪ್ಪದ್ದನ್ನು ಬಗ್ಗಿಸು ಮಾರಾಯ, ದಪ್ಪದ್ದನ್ನು!" ಎಂದು ಹಿಂದಿನಿಂದ ಕೂಗು. ದಪ್ಪದ ಕಡೆ ಬಗ್ಗಿಸಿದರೆ ಸೀಳು ಅತ್ತಲೇ ತಿರುಗಿ ನಡುವಿಗೆ ಬರುತ್ತದೆ. ಕಡ್ಡಿ ಕೊನೆಗೆ ಅರ್ಧ ಸೆಂಟಿಮೀಟರ್ ಅಗಲ, ಅದಕ್ಕಿಂತ ಸ್ವಲ್ಪ ಕಡಿಮೆ ದಪ್ಪ. ಬಿದಿರಿನ ನುಣುಪು ಸಿಪ್ಪೆಗೆ ಅಂಟು ಹಿಡಿಯುವುದಿಲ್ಲ, ಆದ್ದರಿಂದ ಒಡೆದ ಗಾಜಿನ ಚೂರಿನಿಂದ ಹೆರೆಯಬೇಕು, ಇಲ್ಲವೇ ಸಿಪ್ಪೆ ಒಳಮುಖವಾಗಿ ಬರುವಂತೆ ಕಟ್ಟಬೇಕು.

ಬೇಕಾದ್ದು 24 ಕಡ್ಡಿ. ಅವರು ಸೀಳಿಸುತ್ತಿದ್ದದ್ದು 28.

ನಾಲ್ಕು ನಾಲ್ಕು ಕಡ್ಡಿ ಸೇರಿಸಿ 6 ಚೌಕ. ಒಂದು ಚೌಕ ನೆಲದ ಮೇಲೆ. ಅದರ ನಾಲ್ಕು ಮೂಲೆಗೆ ನಾಲ್ಕು ಚೌಕಗಳ ಒಂದೊಂದು ಮೂಲೆ ಕಟ್ಟಿ, ನಾಲ್ಕನ್ನೂ ಮೇಲೆತ್ತಿ, ಅಕ್ಕಪಕ್ಕದ ಮೂಲೆಗಳನ್ನು ಒಂದಕ್ಕೊಂದು ಬಿಗಿಯಬೇಕು. ತುದಿಯಲ್ಲಿ ಉಳಿದ ನಾಲ್ಕು ಮೂಲೆಗೆ ಆರನೆಯ ಚೌಕ. ಚೌಕಗಳ ನಡುವೆ ತಾನಾಗಿಯೇ 8 ತ್ರಿಕೋನ ಮೂಡುತ್ತವೆ, ಅವಕ್ಕೆ ಬೇರೆ ಕಡ್ಡಿ ಬೇಡ. ಮೊದಲ ಸಲ ಕಟ್ಟಿದವರಿಗೆಲ್ಲ ಈ ಕ್ಷಣ ಬೆರಗು. ಎರಡನೆಯ ಕ್ಷಣ ಪೆಚ್ಚು: ಕೈಗೆತ್ತಿಕೊಂಡರೆ ಇಡೀ ಗೂಡು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡು ಕುಸಿಯುತ್ತದೆ. ಗಂಟು ಸಡಿಲ ಎಂದುಕೊಂಡು ಮತ್ತೆ ಮತ್ತೆ ಬಿಗಿದವರು ಎಷ್ಟೋ ಮಂದಿ. ಮಾಸ್ಟ್ರು ಸುಮ್ಮನೆ ನೋಡುತ್ತ ನಿಂತಿರುತ್ತಿದ್ದರು. ಕಾಲು ಗಂಟೆ ಒದ್ದಾಡಿದ ಮೇಲೆ ಕಡ್ಡಿಯ ತುಂಡುಗಳನ್ನು ತೆಗೆದು, ಮೂರು ಕಡ್ಡಿ ಕಟ್ಟಿದ ತ್ರಿಕೋನ ಒಂದು ಕೈಗೆ, ನಾಲ್ಕು ಕಡ್ಡಿಯ ಚೌಕ ಇನ್ನೊಂದು ಕೈಗೆ ಕೊಟ್ಟು "ಎರಡನ್ನೂ ಒತ್ತು" ಎನ್ನುತ್ತಿದ್ದರು. ತ್ರಿಕೋನ ಜಗ್ಗುವುದಿಲ್ಲ. ಚೌಕ ಓರೆಯಾಗುತ್ತದೆ. ಆದ್ದರಿಂದ ಪ್ರತಿ ಚೌಕಕ್ಕೂ ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಎರಡು ಹತ್ತಿ ನೂಲು. ಎರಡೂ ಬೇಕು, ನೂಲು ಎಳೆತ ತಡೆಯುತ್ತದೆಯೇ ಹೊರತು ಒತ್ತಡ ತಡೆಯುವುದಿಲ್ಲ. ನೈಲಾನ್ ದಾರ ತಂದವರನ್ನು ವಾಪಸು ಕಳಿಸುತ್ತಿದ್ದರು, ಗಂಟು ಜಾರುತ್ತದೆಂದು.

ಒಂದು ದಿನ ಗಣಿತದ ಮಾಸ್ಟ್ರು ಚಾಕ್‌ಪೀಸ್ ಕೇಳಲು ಬಂದವರು ಮೇಜಿನ ಮೇಲಿದ್ದ ಗೂಡನ್ನು ನೋಡಿ ನಿಂತುಬಿಟ್ಟರು. ಎಲ್ಲರಿಂದಲೂ ಎಣಿಸಿದರು: ಮುಖ 14, ಮೂಲೆ 12, ಅಂಚು 24. "ಮುಖಕ್ಕೆ ಮೂಲೆ ಕೂಡಿಸಿ, ಅಂಚು ಕಳೆಯಿರಿ." ಎರಡು. ಬೆಂಕಿಪೆಟ್ಟಿಗೆ ಎಣಿಸಿದರು: 6, 8, 12. ಮತ್ತೆ ಎರಡು. ಈ ಲೆಕ್ಕ ಹೇಳಿದ ಗಣಿತಜ್ಞ ಆಯ್ಲರ್ ಎಂಬ ಹೆಸರು ಹಲಗೆಯ ಮೇಲೆ ಬರೆದು, ಚಾಕ್‌ಪೀಸ್ ಮರೆತು ಹೊರಟುಹೋದರು. ಪರೀಕ್ಷೆಗೆ ಬರುವ ಪಾಠವಾಗಿರಲಿಲ್ಲ ಅದು, ಬಹುಶಃ ಅದಕ್ಕೇ ನೆನಪಿದೆ.

ಗೂಡು ಆಯಿತೆಂದು ಒಪ್ಪಿಸುವಾಗ ಪರೀಕ್ಷೆ ಹೀಗೆ: ಸಿಮೆಂಟಿನ ನೆಲದ ಮೇಲೆ ಆರು ಚೌಕಗಳ ಮೇಲೂ ಒಂದೊಂದು ಸಲ ಕೂರಿಸಬೇಕು. ನಾಲ್ಕು ಮೂಲೆಯೂ ನೆಲ ಮುಟ್ಟಬೇಕು. ಮಾಸ್ಟ್ರು ಕುಕ್ಕರಗಾಲಲ್ಲಿ ಕೂತು ಮೂಲೆಯ ಕೆಳಗೆ ಬೆಂಕಿಕಡ್ಡಿ ತೂರಿಸಿ ನೋಡುವರು. ಕಡ್ಡಿ ನುಗ್ಗಿತೋ, ಗೂಡು ವಾಪಸು. ಎಲ್ಲಿ ತಪ್ಪಿದೆ ಎಂದು ಹೇಳುತ್ತಿರಲಿಲ್ಲ. "ಯಾವ ಕಡ್ಡಿ ಉದ್ದ? ನೀನೇ ಹುಡುಕು."

ಇನ್ನು ಅಂಟು. ಮೂರು ಚಮಚ ಮೈದಾ, ಒಂದು ಲೋಟ ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಬಿಳಿ ಹೋಗಿ ಗಂಜಿಯಂತೆ ಮಿಂಚಿದರೆ ಇಳಿಸಬೇಕು. ಬಿಸಿ ನೀರಿಗೆ ಹಿಟ್ಟು ಸುರಿದರೆ ಗಂಟು ಗ್ಯಾರಂಟಿ. ನಾಲ್ಕು ಚಮಚವಾದರೆ ಒಣಗಿದ ಮೇಲೆ ಬಿರುಕು ಬಿಟ್ಟು ಕಾಗದ ಸುಕ್ಕಾಗುತ್ತದೆ, ಎರಡಾದರೆ ನೀರು ಹೆಚ್ಚಾಗಿ ಕಾಗದದ ಬಣ್ಣ ಇಳಿಯುತ್ತದೆ. (ಪಟ್ಟು ಹಿಡಿದ ಆ ಇಬ್ಬರು ದಯವಿಟ್ಟು ಓದಿಕೊಳ್ಳಿ.) ಇಳಿಸಿದ ಮೇಲೆ ಒಂದು ಚಿಟಿಕೆ ಮೈಲುತುತ್ತು (ತಾಮ್ರದ ಸಲ್ಫೇಟ್). ಅಡಿಕೆ ತೋಟ ಇರುವ ಮನೆಯಲ್ಲಿ ಇದಕ್ಕೆ ಬರವಿಲ್ಲ, ಕೊಳೆರೋಗಕ್ಕೆ ಔಷಧಿ ಬಿಟ್ಟು ಉಳಿದದ್ದು ಇದ್ದೇ ಇರುತ್ತದೆ. ಹಾಕದಿದ್ದರೆ ಜಿರಲೆ ಒಂದೇ ರಾತ್ರಿ ಅಂಟಿನ ಜೊತೆ ಕಾಗದವನ್ನೂ ಕೆರೆದು ತಿನ್ನುತ್ತದೆ. ಅದು ವಿಷ, ಆದ್ದರಿಂದ ಅಡುಗೆಯ ಪಾತ್ರೆ ಮುಟ್ಟುವಂತಿಲ್ಲ. ಅಲ್ಯೂಮಿನಿಯಂ ಅಂತೂ ಬೇಡವೇ ಬೇಡ, ಮೈಲುತುತ್ತು ಅದನ್ನು ತೂತು ಮಾಡುತ್ತದೆ. ಕ್ರಾಫ್ಟ್ ಕೋಣೆಯಲ್ಲಿ ಅದಕ್ಕೆಂದೇ ಒಂದು ಮಣ್ಣಿನ ಕುಡಿಕೆ ಇತ್ತು. ಅಂಟು ಹಚ್ಚುವಾಗ ಬೆರಳು ನೆಕ್ಕುವ ಅಭ್ಯಾಸದವರನ್ನು ದಾರ ಹಿಡಿಯಲು ಹಾಕುತ್ತಿದ್ದರು.

ಕಾಗದ ಮೂರು ಹಾಳೆ. 20ಕ್ಕೆ 30 ಇಂಚಿನ ಹಾಳೆಯಾದರೆ ಒಂದರಲ್ಲಿ ಪಕ್ಕದ ನಾಲ್ಕು ಚೌಕ, ಇನ್ನೊಂದರಲ್ಲಿ ಎಂಟು ತ್ರಿಕೋನ, ಮೂರನೆಯದರಲ್ಲಿ ಜಾಲರಿ ಮತ್ತು ಬಾಲ. ಸುತ್ತಲೂ ಅರ್ಧ ಇಂಚು ಬಿಟ್ಟು ಕತ್ತರಿಸಬೇಕು. ಅಂಟು ಹಚ್ಚುವುದು ಕಡ್ಡಿಗೆ. ಕಾಗದಕ್ಕೆ ಹಚ್ಚಿದರೆ ಎತ್ತುವಷ್ಟರಲ್ಲಿ ಹರಿಯುತ್ತದೆ. ಪೂರ್ತಿ ಒಣಗಿದ ಮೇಲೆ ಕೈ ಒದ್ದೆ ಮಾಡಿ ದೂರದಿಂದ ಹನಿ ಚಿಮುಕಿಸಿದರೆ, ಮತ್ತೆ ಒಣಗುವಾಗ ಕಾಗದ ಚೆಂಡೆಯ ಚರ್ಮದ ಹಾಗೆ ಬಿಗಿಯಾಗುತ್ತದೆ. ಮೇಲಿನ ಮತ್ತು ಕೆಳಗಿನ ಚೌಕ ತೆರೆದೇ ಇರಬೇಕು. ಚೆಂದ ಕಾಣಲೆಂದು ಮೇಲೆ ಮುಚ್ಚಿದರೆ ಬಿಸಿಗಾಳಿ ಹೋಗಲು ದಾರಿಯಿಲ್ಲ, ಹಣತೆ ಹೊಗೆಯುಗುಳಿ ಕಾಗದ ಮೊದಲು ಕಂದಾಗುತ್ತದೆ, ಆಮೇಲೆ ಹತ್ತಿಕೊಳ್ಳುತ್ತದೆ. ಬಲ್ಬ್ ಇಡುವವರಿಗೆ ಜೀರೋ ಬಲ್ಬ್. ಹೆಸರು ಜೀರೋ ಆದರೂ ಹನ್ನೆರಡು ಹದಿನೈದು ವ್ಯಾಟ್ ತಿನ್ನುತ್ತಿದ್ದ ಬಲ್ಬ್ ಅದು, ಆದರೂ ಕಾಗದ ಸುಡುತ್ತಿರಲಿಲ್ಲ. ಅಜ್ಜಿಯಂದಿರು ಮಾತ್ರ ಎಣ್ಣೆಯ ದೀಪವಿಲ್ಲದ್ದನ್ನು ಗೂಡುದೀಪ ಎಂದು ಒಪ್ಪುತ್ತಿರಲಿಲ್ಲ.

ಕಂಬಕ್ಕೆ ಏರಿಸುವುದನ್ನು ಕಲಿಸುವ ಹೊತ್ತಿಗೆ ಹಬ್ಬ ಹತ್ತಿರ ಬಂದಿತ್ತು. ಆ ಪಾಠವನ್ನು ಯಾರೂ ಸರಿಯಾಗಿ ಕೇಳಲಿಲ್ಲ, ಅದರ ಫಲ ನವೆಂಬರ್ 1ರ ಬೆಳಿಗ್ಗೆ ಕಂಡಿತು. ಆ ವರ್ಷ ದೀಪಾವಳಿಯೂ ರಾಜ್ಯೋತ್ಸವವೂ ಬೆನ್ನುಬೆನ್ನಿಗೆ ಬಂದಿದ್ದವು. ಒಂಬತ್ತನೆಯವರ ಗೂಡಿಗೆ ಬಹುಮಾನ ಬಂತೆಂಬ ಹೊಟ್ಟೆಯುರಿಗೆ ಎಂಟನೇ ಕ್ಲಾಸಿನ ನಾವು ಕೆಲವರು, ಹಿಂದಿನ ಸಂಜೆ ನಮ್ಮ ಗೂಡನ್ನು ಶಾಲೆಯ ಧ್ವಜಸ್ತಂಭದ ತುದಿಗೇ ಏರಿಸಿಬಿಟ್ಟೆವು. ಊರಿಗೆಲ್ಲ ಕಾಣಲಿ ಎಂದು. ನಮ್ಮದೇ ಚೆಂದ ಇತ್ತೆಂದರೆ ಜಂಬ ಎನ್ನಬೇಡಿ, ನಮ್ಮ ತ್ರಿಕೋನಗಳು ಒಂದೂ ಸುಕ್ಕಿಲ್ಲದೆ ಕೂತಿದ್ದವು.

ಬಾವುಟದ ಹಗ್ಗ ರಾಟೆಯ ಮೇಲೆ ಹೋಗಿ ಬರುವ ಸುತ್ತು: ಒಂದು ತುದಿ ಬಾವುಟದ ಮೇಲಂಚಿಗೆ, ಇನ್ನೊಂದು ಕೆಳಅಂಚಿಗೆ. ಮೇಲಿನದು ಏರಿಸಲು, ಕೆಳಗಿನದು ಇಳಿಸಲು. ನಾವು ಕಟ್ಟಿದ್ದು ಮೇಲಿನದನ್ನು ಮಾತ್ರ. ಹಗುರದ ಗೂಡು, ತನ್ನ ಭಾರಕ್ಕೆ ಇಳಿದು ಬರುವುದಿಲ್ಲ. ಸಾಲದ್ದಕ್ಕೆ ನಾವು ಹಾಕಿದ ದಪ್ಪ ಗಂಟು ರಾಟೆಯ ಸಂದಿಗೆ ಸಿಕ್ಕಿಕೊಂಡಿತ್ತು. ಬೆಳಿಗ್ಗೆ ಹೆಡ್‌ಮಾಸ್ಟ್ರು ಬಾವುಟ ಮಡಚಿ ಹಿಡಿದು ನಿಂತಿದ್ದಾರೆ, ತುದಿಯಲ್ಲಿ ರಾತ್ರಿಯ ಮಳೆಗೆ ತೊಯ್ದು ಬಣ್ಣ ಸುರಿಸುತ್ತ ಗೂಡುದೀಪ ತೂಗುತ್ತಿದೆ.

ಕ್ರಾಫ್ಟ್ ಮಾಸ್ಟ್ರು ಬಂದರು, ತಲೆಯೆತ್ತಿ ನೋಡಿದರು. "ಎರಡು ದೋಟಿ ತನ್ನಿ." ಪಕ್ಕದ ಮನೆಯಿಂದ ಪೇರಳೆ, ಮಾವು ಕೀಳುವ ದೋಟಿಗಳು ಬಂದವು. ಒಂದರ ಮೇಲೊಂದು ಎರಡು ಮೊಳ ಸೇರುವಂತೆ ಇಟ್ಟು ಮೂರು ಕಡೆ ಬಿಗಿದು, ಬೆಂಚಿನ ಮೇಲೆ ನಿಂತು, ಕೊಕ್ಕೆಯಿಂದ ಹಗ್ಗದ ಗಂಟನ್ನು ಕೆಳಕ್ಕೆಳೆದರು. ಗೂಡು ನೆಲಕ್ಕೆ ಬಿದ್ದು ಮೂರು ಕಡ್ಡಿ ಮುರಿಯಿತು. ಬಾವುಟ ಅರ್ಧ ಗಂಟೆ ತಡವಾಗಿ ಏರಿತು. ಅದರಿಂದಾಗಿ ಕನ್ನಡ ಪಂಡಿತರ ಭಾಷಣ ಮೊಟಕಾಯಿತು. 1956ರಲ್ಲಿ ರಾಜ್ಯ ಒಂದಾದದ್ದು, 1973ರಲ್ಲಿ ಹೆಸರು ಕರ್ನಾಟಕವಾದದ್ದು, ಇಷ್ಟಕ್ಕೇ ಮುಗಿಸಿದರು. ಹಿಂದಿನ ಸಾಲಿನವರು ನಮ್ಮನ್ನು ಅಂದಿಗೆ ವೀರರೆಂದೇ ತಿಳಿದರು.

ಏಟು ಬೀಳುತ್ತದೆಂದು ಕಾದೆವು. ಬೀಳಲಿಲ್ಲ. ಮಧ್ಯಾಹ್ನ ಕ್ರಾಫ್ಟ್ ಕೋಣೆಗೆ ಕರೆದು "ಏರಿಸ್ಲಿಕ್ಕೆ ಎಷ್ಟು ಹೊತ್ತು ಹಿಡೀತು?" ಎಂದರು. ಐದು ನಿಮಿಷ ಸರ್. "ಇಳಿಸ್ಲಿಕ್ಕೆ ಹೇಗೆ ಅಂತ ಎಷ್ಟು ಹೊತ್ತು ಯೋಚಿಸಿದ್ರಿ?" ಉತ್ತರ ಇರಲಿಲ್ಲ. ಮುರಿದ ಮೂರು ಕಡ್ಡಿಗೆ ಬದಲಾಗಿ ಮೂವತ್ತು ಕಡ್ಡಿ ಸೀಳಿಸಿದರು. ಗಾಜಿನ ಚೂರಿನಲ್ಲಿ ಹೆರೆಸಿ ಕೂಡ.

ಈಗಿನ ಶಾಲೆಗಳ ಬಗ್ಗೆ ಗೊಣಗುವುದು ಹಳೆ ವಿದ್ಯಾರ್ಥಿಗಳ ಹಕ್ಕು, ಚಿಕ್ಕದಾಗಿ ಚಲಾಯಿಸುತ್ತೇನೆ. ಕ್ರಾಫ್ಟ್ ಪೀರಿಯಡ್ ಗಣಿತದ ವಿಶೇಷ ತರಗತಿಯಾಗಿದೆ. ಗೂಡುದೀಪ 'ಪ್ರಾಜೆಕ್ಟ್' ಆಗಿ ಮನೆಗೆ ಬರುತ್ತದೆ; ಅಮ್ಮ ಆನ್‌ಲೈನ್‌ನಲ್ಲಿ ಕಿಟ್ ತರಿಸುತ್ತಾರೆ, ಅಪ್ಪ ರಾತ್ರಿ ಕೂತು ಜೋಡಿಸುತ್ತಾರೆ, ಮಗುವಿಗೆ ಎ ಪ್ಲಸ್. ಪ್ಲಾಸ್ಟಿಕ್ಕಿನ ಗೂಡು ಮಳೆಗೆ ನೆನೆಯುವುದಿಲ್ಲ ಎಂಬುದನ್ನು ಒಪ್ಪಬೇಕು. ಆದರೂ ಮಂಗಳೂರಿನ ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರದಲ್ಲಿ ನಡೆಯುವ ಗೂಡುದೀಪ ಸ್ಪರ್ಧೆಗೆ ಒಮ್ಮೆ ಹೋಗಿ ಸಾಂಪ್ರದಾಯಿಕ ವಿಭಾಗದ ಸಾಲಿನಲ್ಲಿ ನಡೆದು ನೋಡಿ. ಬಿದಿರನ್ನು ಹೇಗೆ ಸೀಳಿದ್ದಾರೆ, ನೂಲು ಎಲ್ಲಿ ಬಿಗಿದಿದ್ದಾರೆ ಎಂದು ದೀಪಕ್ಕೆ ಅಡ್ಡವಾಗಿ ಕಾಣುತ್ತದೆ. ಕಟ್ಟಿದವರ ಬೆರಳು ನೋಡಿದರೂ ಸಾಕು.

ತುಳಸಿ ಪೂಜೆ ಮುಗಿದ ಮೇಲೆ ಗೂಡನ್ನು ಎಸೆಯುವ ರೂಢಿ ಮಾಸ್ಟ್ರದ್ದಲ್ಲ. ಕಾಗದ ನೆನೆಸಿ ಕಿತ್ತು, ಬರೀ ಗೂಡನ್ನು ಒಲೆಯ ಮೇಲಿನ ಅಟ್ಟದಲ್ಲಿ ತೂಗುಹಾಕುವುದು. ಹೊಗೆ ಹಿಡಿದ ಬಿದಿರಿಗೆ ಹುಳ ಬರುವುದಿಲ್ಲ, ಮುಂದಿನ ವರ್ಷ ಕಾಗದ ಮಾತ್ರ ಹೊಸದು. ಧ್ವಜಸ್ತಂಭದಿಂದ ಬಿದ್ದ ಗೂಡನ್ನು ಅವರು ಹಾಗೆಯೇ ರಿಪೇರಿ ಮಾಡಿ ತಮ್ಮ ಮನೆಗೆ ಒಯ್ದಿದ್ದರು. ಹದಿಮೂರನೆಯ ದಿನದ ಊಟಕ್ಕೆ ಹೋದ ಕೆಲವರು ಅವರ ಅಡುಗೆಮನೆಯ ಅಟ್ಟದಲ್ಲಿ ಅದನ್ನು ಕಂಡರು. ಕೆಳಗಿಳಿಸಿ ಜಗಲಿಯ ಮೇಲೆ ಆರು ಕಡೆಯೂ ಕೂರಿಸಿದರು. 21 ಕಡ್ಡಿ ಕಪ್ಪಗಿದ್ದವು, ಮೂರು ತುಸು ಕಂದು. ಯಾರೋ ದೇವರ ಕೋಣೆಯಿಂದ ಬೆಂಕಿಕಡ್ಡಿ ತಂದು ಮೂಲೆಗೆ ಹಿಡಿದರು. ನುಗ್ಗಲಿಲ್ಲ.