ಮಕರ ಬರೆಯುವಾಗ ಮೊದಲು ಕೀಲು

ಗೋಡೆ ಚಿತ್ರ ಬರೆಯುವುದು ನನ್ನ ಕೆಲಸ. ಮಡಿಕೇರಿ ಸುತ್ತಮುತ್ತ ಹೋಂಸ್ಟೇ, ಶಾಲೆ, ದೇವಸ್ಥಾನ, ಕರೆದ ಕಡೆ ಹೋಗುತ್ತೇನೆ. ಈಚೆಗೆ ತೋಟದ ಮನೆಯೊಂದರಲ್ಲಿ ನೀರಿನ ತೊಟ್ಟಿಯ ಹಿಂದಿನ ಗೋಡೆಗೆ ಮಕರ ಬೇಕು ಅಂದರು. ಮಕರ ಅಂದರೆ ಆನೆ, ಮೊಸಳೆ, ಕಾಡುಹಂದಿ, ಮೀನು, ಹೀಗೆ ಹಲವು ಪ್ರಾಣಿಗಳ ಅಂಗ ಸೇರಿದ ಪುರಾಣದ ಜಲಪ್ರಾಣಿ. ಕೇಳಿ ಖುಷಿಯಾಯಿತು. ವರುಣನಿಗೂ ಗಂಗೆಗೂ ಅದೇ ವಾಹನ. ನೀರಿನ ಜಾಗಕ್ಕೆ ಅದಕ್ಕಿಂತ ಒಪ್ಪುವ ಪ್ರಾಣಿ ಇನ್ನೇನಿದೆ?

ಯಾರೂ ಕಾಣದ ಪ್ರಾಣಿ, ಹೇಗೆ ಬರೆದರೂ ನಡೆಯುತ್ತೆ ಅಂತ ಕೆಲಸ ಕಲಿಯುವ ಹುಡುಗರು ಅಂದುಕೊಳ್ಳುತ್ತಾರೆ. ಹಾಗಲ್ಲ. ಮಕರವನ್ನು ನೋಡಿದವರಿಲ್ಲ, ಆದರೆ ಅದರ ಅಂಗಗಳನ್ನು ನೋಡದವರಿಲ್ಲ. ದುಬಾರೆಗೆ ಹೋದರೆ ಆನೆ ಸೊಂಡಿಲು ಕೈಗೆಟಕುವಷ್ಟು ಹತ್ತಿರ. ಕಾಡುಹಂದಿ ರಾತ್ರಿ ಗದ್ದೆಗೇ ಇಳಿಯುತ್ತದೆ. ಇಲ್ಲಿನವರ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ.

"ಅಣ್ಣಾ, ಸೊಂಡಿಲು ಅಂಟಿಸಿದ ಹಾಗೆ ಕಾಣ್ತಿದೆ, ಯಾಕೆ?" ಅಂತ ಜೊತೆಗಿದ್ದ ಹುಡುಗ ತನ್ನ ಸ್ಕೆಚ್ ತೋರಿಸಿದ. ಹಣೆಯಿಂದ ಸೊಂಡಿಲು ಇಳಿಸಿ, ಅದರ ಕೆಳಗೆ ಬೇರೆಯಾಗಿ ಮೊಸಳೆ ಬಾಯಿ ಇಟ್ಟಿದ್ದ. ಆನೆಯ ಸೊಂಡಿಲು ಅಂದರೆ ಮೂಗು ಮತ್ತು ಮೇಲ್ದುಟಿ ಒಂದಾಗಿ ಬೆಳೆದದ್ದು. ಮೊಸಳೆಗೆ ಮೂಗಿನ ಹೊಳ್ಳೆ ಇರುವುದು ಮೇಲ್ದವಡೆಯ ತುದಿಯಲ್ಲಿ. ಹಾಗಾದರೆ ಮಕರದ ಸೊಂಡಿಲು ಹೊರಡಬೇಕಾದದ್ದು ಅಲ್ಲಿಂದಲೇ, ಅಲ್ವಾ? ದವಡೆಯೇ ಉದ್ದವಾಗಿ ಮೇಲಕ್ಕೆ ಸುರುಳಿ ಸುತ್ತಬೇಕು. ಸೋಮನಾಥಪುರದಲ್ಲಿ ಹಂಸಗಳ ಸಾಲಿನ ಕೆಳಗಿರುವ ಮಕರದ ಸಾಲು ನೋಡಿ. ಹೊಯ್ಸಳರ ಕಾಲದ, ಹದಿಮೂರನೇ ಶತಮಾನದ ದೇವಸ್ಥಾನ ಅದು. ಒಂದೊಂದು ಮಕರವನ್ನೂ ನಿಧಾನವಾಗಿ ನೋಡುತ್ತಾ ಹೋದರೆ ಕೀಲು, ಅಂದರೆ ಒಂದು ಅಂಗ ಇನ್ನೊಂದಕ್ಕೆ ಸೇರುವ ಜಾಗ, ಕೂರಿಸುವ ಪಾಠ ಅಲ್ಲೇ ಸಿಗುತ್ತದೆ. ನನಗಂತೂ ಅದಕ್ಕಿಂತ ದೊಡ್ಡ ಶಾಲೆ ಇಲ್ಲ.

ಬಾಲ ನಿಮ್ಮ ಇಷ್ಟ. ತುಂಬಾ ಹಳೆಯ ಶಿಲ್ಪಗಳಲ್ಲಿ ಮೀನಿನ ಬಾಲ, ಹೊಯ್ಸಳರಲ್ಲಿ ನವಿಲುಗರಿಯಂತೆ ಬಿಚ್ಚಿದ ಬಳ್ಳಿ. ನಾನು ಮೀನಿನದು ಇಟ್ಟೆ.

ಬಣ್ಣ ಹಚ್ಚುವಾಗ ಎರಡು ಮಾತು ನೆನಪಿಡಿ. ಹುರುಪೆಗಳನ್ನು ಬಾಲದಿಂದ ಶುರು ಮಾಡಿ ತಲೆಯ ಕಡೆಗೆ ಬನ್ನಿ. ಸೂರಿಗೆ ಹಂಚು ಹೊದಿಸುವಾಗ ಕೆಳಗಿನ ಸಾಲು ಮೊದಲು ಬರುತ್ತದಲ್ಲ, ಹಾಗೆ. ಮುಂದಿನ ಸಾಲು ಹಿಂದಿನದರ ಮೇಲೆ ತಾನಾಗಿ ಕೂರುತ್ತದೆ, ಪ್ರತಿ ಅಂಚಿಗೂ ಗೆರೆ ಎಳೆದು ಸುಮ್ನೆ ಕಷ್ಟಪಡಬೇಕಾಗಿಲ್ಲ. ಇನ್ನೊಂದು, ಬೆನ್ನು ಕಪ್ಪು ಹಸಿರು, ಹೊಟ್ಟೆ ತಿಳಿ ಹಳದಿ. ಮೀನಿಗೂ ಮೊಸಳೆಗೂ ಹಾಗೇ. ಈ ಒಂದು ಬದಲಾವಣೆಗೆ ಪ್ರಾಣಿ ನೀರಿನೊಳಗೆ ಇದ್ದಂತೆ ಕಾಣುತ್ತದೆ. ಬೆನ್ನಿಗೆ ಅಪ್ಪಟ ಕಪ್ಪು ಬೇಡ, ಗೋಡೆಯಲ್ಲಿ ತೂತು ಬಿದ್ದಂತಾಗುತ್ತದೆ. ಕಪ್ಪಿನ ಬದಲು ಗಾಢ ನೀಲಿಗೆ ಸ್ವಲ್ಪ ಕಂದು ಬೆರೆಸಿ, ಅದನ್ನು ಹಸಿರಿಗೆ ಸೇರಿಸಿಕೊಳ್ಳಿ.

ಕಣ್ಣು ಕೊನೆಗೆ. ಶಿಲ್ಪದ ಮಕರಕ್ಕೆ ಉಬ್ಬಿದ ಗುಂಡು ಕಣ್ಣು. ಅದನ್ನೇ ಉಳಿಸಿಕೊಂಡೆ.

ನಮ್ಮ ಊರಿನ ಗೋಡೆ ಬಗ್ಗೆಯೂ ಹೇಳಬೇಕು. ಮಳೆಗಾಲದಲ್ಲಿ ಈ ಕೆಲಸ ಒಪ್ಪಿಕೊಳ್ಳಬೇಡಿ, ಎಷ್ಟೇ ದುಡ್ಡು ಕೊಟ್ಟರೂ. ಹಸಿ ಗಾರೆಯಿಂದ ಉಪ್ಪು ಬೆಳ್ಳಗೆ ಹೊರಗೆ ಬಂದು ಬಣ್ಣವನ್ನು ಎಬ್ಬಿಸುತ್ತದೆ. ಮಳೆ ನಿಂತು ಗೋಡೆ ಪೂರ್ತಿ ಒಣಗಲಿ. ಪಾಚಿ ಉಜ್ಜಿ ತೆಗೆದು, ಪ್ರೈಮರ್ ಹೊಡೆದು, ಆಮೇಲೆ ಹೊರಗೋಡೆಯ ಎಮಲ್ಷನ್ ಹಚ್ಚಿ. ತೊಟ್ಟಿಯ ನೀರು ಸಿಡಿಯುವ ಕೆಳಭಾಗದಲ್ಲಿ ಕಾಲು, ಉಗುರಿನಂಥ ಸಣ್ಣ ಕೆಲಸ ಇಡಬೇಡಿ. ಅಲ್ಲಿ ಬರೀ ಅಲೆ ಬರೆದರೆ ಮುಂದಿನ ವರ್ಷ ಮನೆಯವರೇ ಬಣ್ಣ ಬಳಿದುಕೊಳ್ಳಬಹುದು.