ಸೋಲಾರ್‌ಗೆ ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ಹುಟ್ಟುತ್ತದೆ?

ನಮ್ಮ ತಾರಸಿಯ ಮೇಲಿನ ಸೋಲಾರ್ ಪ್ಯಾನೆಲ್‌ಗಳನ್ನು ಕಂಡ ನೆಂಟರಾಗಲಿ ನೆರೆಹೊರೆಯವರಾಗಲಿ ಕೇಳುವುದು ಇದೊಂದೇ ಪ್ರಶ್ನೆ. ಉತ್ತರ ಹೇಳುವ ಮೊದಲು ನಾನು ಅವರ ಕಳೆದ ಹನ್ನೆರಡು ತಿಂಗಳ ಕರೆಂಟ್ ಬಿಲ್‌ಗಳನ್ನು ಕೇಳುತ್ತೇನೆ. ಪ್ಯಾನೆಲ್ ಎಷ್ಟು ಯೂನಿಟ್ ಉತ್ಪಾದಿಸುತ್ತದೆ ಎಂಬುದು ಲೆಕ್ಕದ ಅರ್ಧ ಭಾಗ ಮಾತ್ರ. ಆ ಯೂನಿಟ್‌ಗಳಿಗೆ ನೀವು ಈಗ ನಿಜವಾಗಿ ಎಷ್ಟು ಹಣ ಕಟ್ಟುತ್ತಿದ್ದೀರಿ ಎಂಬುದು ಉಳಿದರ್ಧ.

ಕರ್ನಾಟಕದಲ್ಲಿ ಈ ಎರಡನೆಯ ಭಾಗವೇ ನಿರ್ಣಾಯಕ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ, ತಿಂಗಳಿಗೆ 200 ಯೂನಿಟ್‌ನೊಳಗೆ, ತಮಗೆ ನಿಗದಿಯಾದ ಸರಾಸರಿಯ ಮಿತಿಯಲ್ಲಿ ಬಳಸುವ ಮನೆಗಳಿಗೆ ಶೂನ್ಯ ಬಿಲ್ ಬರುತ್ತಿದೆ. ಅಂಥ ಮನೆಯವರಿಗೆ ಸೋಲಾರ್‌ನಿಂದ ಉಳಿಯಬೇಕಾದ ಹಣವೇ ಇಲ್ಲ. ಉಳಿತಾಯದ ಆಸೆಯಿಂದ ಹಾಕಿಸಬೇಡಿ ಎಂದು ಅವರಿಗೆ ನೇರವಾಗಿಯೇ ಹೇಳುತ್ತೇನೆ. 200 ದಾಟಿದವರು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಮುಂದಿನ ಲೆಕ್ಕ ಅವರಿಗಾಗಿ.

ತಿಂಗಳಿಗೆ ಸುಮಾರು 350 ಯೂನಿಟ್ ಬಳಸುವ ಮನೆಯೊಂದನ್ನು ತೆಗೆದುಕೊಳ್ಳೋಣ. ನೆರಳಿಲ್ಲದ ತಾರಸಿಯಲ್ಲಿ ಒಂದು ಕಿಲೋವ್ಯಾಟ್‌ನ ಪ್ಯಾನೆಲ್‌ಗಳು ನಮ್ಮ ಬಯಲುಸೀಮೆಯಲ್ಲಿ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತವೆ, ಅಂದರೆ ದಿನಕ್ಕೆ ಹತ್ತಿರಹತ್ತಿರ ನಾಲ್ಕು. ಈ ಮನೆಗೆ ಮೂರು ಕಿಲೋವ್ಯಾಟ್ ಸಾಕು. ಅದಕ್ಕೆ ಸುಮಾರು 300 ಚದರಡಿ ಜಾಗ ಬೇಕು. ಎಲ್ಲ ಸೇರಿ ಎರಡು ಲಕ್ಷ ರೂಪಾಯಿ ಖರ್ಚೆಂದು ಇಟ್ಟುಕೊಳ್ಳಿ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ. ಮೂರು ಕಿಲೋವ್ಯಾಟ್‌ಗಿಂತ ದೊಡ್ಡದನ್ನು ಹಾಕಿಸಿದರೂ ಸಬ್ಸಿಡಿ ಅಷ್ಟೇ. ಈ ಹಣ ಖಾತೆಗೆ ಬರುವುದು ಕೆಲಸವೆಲ್ಲ ಮುಗಿದ ಮೇಲೆ, ಆದ್ದರಿಂದ ಮೊದಲಿಗೆ ಪೂರ್ತಿ ಮೊತ್ತವನ್ನು ಹೊಂದಿಸಿಕೊಂಡಿರಬೇಕು. ಕೈಯಿಂದ ಹೋಗುವ ನಿವ್ವಳ ಖರ್ಚು 1,22,000.

ಉಳಿತಾಯದ ಕಡೆಗೆ ಬಂದರೆ, 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಗೃಹಬಳಕೆಯ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ತೆರಿಗೆ, ಸರ್ಚಾರ್ಜ್ ಸೇರಿಸಿ ಆರೂವರೆ ಎಂದು ಹಿಡಿದರೆ, 4,200 ಯೂನಿಟ್‌ಗೆ ವರ್ಷಕ್ಕೆ 27,300 ರೂಪಾಯಿ ಉಳಿಯುತ್ತದೆ. ನೇರ ಭಾಗಾಕಾರದಲ್ಲಿ ನಾಲ್ಕೂವರೆ ವರ್ಷಕ್ಕೆ ಅಸಲು ಹುಟ್ಟುತ್ತದೆ. ಆದರೆ ಅದೇ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದರೆ ಬಡ್ಡಿ ಬರುತ್ತಿತ್ತಲ್ಲವೇ? ಇನ್ನೂ ಹುಟ್ಟದ ಅಸಲಿನ ಮೇಲೆ ವರ್ಷವರ್ಷವೂ ಶೇ 7ರಂತೆ ಬಡ್ಡಿ ಹಾಕುತ್ತ ಹೋದರೆ ಐದೂವರೆ ವರ್ಷವಾಗುತ್ತದೆ. ನಾನು ಜನರಿಗೆ ಹೇಳುವುದು ಈ ಎರಡನೆಯ ಅಂಕಿಯನ್ನೇ. ಪ್ಯಾನೆಲ್‌ಗಳಿಗೆ ಸಾಮಾನ್ಯವಾಗಿ 25 ವರ್ಷಗಳ ವಾರಂಟಿ ಇರುವುದರಿಂದ, ಅದೂ ಒಳ್ಳೆಯ ಹೂಡಿಕೆಯೇ.

ಮಾರಾಟಗಾರರು ಕೊಡುವ ಕಾಗದಗಳಲ್ಲಿ ಈ ಅವಧಿ ಇನ್ನೂ ಕಡಿಮೆ ಇರುತ್ತದೆ. ನನಗೆ ಬಂದ ಒಂದು ಕೊಟೇಶನ್‌ನಲ್ಲಿ ಯೂನಿಟ್‌ಗೆ ಎಂಟು ರೂಪಾಯಿ ಹಿಡಿದು, ಅದು ಪ್ರತಿವರ್ಷ ಶೇ 5ರಷ್ಟು ಏರುತ್ತದೆಂದು ತೋರಿಸಿದ್ದರು. ನಮ್ಮಲ್ಲಿ ಆಗಿರುವುದು ಇದಕ್ಕೆ ವಿರುದ್ಧ. 2023ರಲ್ಲಿ ನೂರು ಯೂನಿಟ್ ದಾಟಿದವರಿಗೆ ಏಳು ರೂಪಾಯಿ ಇದ್ದ ದರ 2024ರಲ್ಲಿ 5.90ಕ್ಕೆ, ಮರುವರ್ಷ 5.80ಕ್ಕೆ ಇಳಿಯಿತು. ಅದೇ 2025ರಲ್ಲಿ ನಿಗದಿತ ಶುಲ್ಕ ಮಾತ್ರ ಕಿಲೋವ್ಯಾಟ್‌ಗೆ 120ರಿಂದ 145 ರೂಪಾಯಿಗೆ ಏರಿತು. ಸೋಲಾರ್ ಇದ್ದರೂ ಈ ಶುಲ್ಕ ತಪ್ಪುವುದಿಲ್ಲ. ಮನೆಯ ಸಂಪರ್ಕಕ್ಕೆ ಮೂರು ಕಿಲೋವ್ಯಾಟ್ ಲೋಡ್ ಮಂಜೂರಾಗಿದ್ದರೆ 2025ರ ಆ ದರದಲ್ಲಿ ತಿಂಗಳಿಗೆ 435 ರೂಪಾಯಿ ಕಟ್ಟಲೇಬೇಕಿತ್ತು. ಬಿಲ್ ಸೊನ್ನೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಇದೊಂದನ್ನು ಕೇಳಿ ನೋಡಿ.

ಹೆಚ್ಚು ಪ್ಯಾನೆಲ್ ಹಾಕಿಸಿ ಕರೆಂಟ್ ಮಾರೋಣ ಎನ್ನುವವರೂ ಇದ್ದಾರೆ. 2013ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ (ಕೆಇಆರ್‌ಸಿ) ತಾರಸಿ ಸೋಲಾರ್‌ಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ನಿಗದಿ ಮಾಡಿತ್ತು, ಆ ನೆನಪು ಜನರಲ್ಲಿ ಇನ್ನೂ ಉಳಿದಿದೆ. ಈಗ ಹೆಚ್ಚುವರಿ ಯೂನಿಟ್‌ಗೆ ಸಿಗುವ ದರ ನಾವು ಕೊಡುವ ದರಕ್ಕಿಂತ ಬಹಳ ಕಡಿಮೆ. ನಿಮ್ಮ ಬಳಕೆ ಎಷ್ಟೋ ಅಷ್ಟಕ್ಕೇ ನಿಲ್ಲಿಸುವುದು ಜಾಣತನ. ಮಲೆನಾಡು, ಕರಾವಳಿಯವರು ಜೂನ್‌ನಿಂದ ಆಗಸ್ಟ್‌ವರೆಗಿನ ಮೋಡವನ್ನು ಲೆಕ್ಕಕ್ಕೆ ತೆಗೆದುಕೊಂಡು ವಾರ್ಷಿಕ ಉತ್ಪಾದನೆಯನ್ನು ಇನ್ನೂ ತಗ್ಗಿಸಿಕೊಳ್ಳಬೇಕು. ತೆಂಗಿನ ಮರದ ನೆರಳಿನ ವಿಷಯದಲ್ಲಂತೂ ಉದಾಸೀನ ಬೇಡ: ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆಗೆ ಪೆಟ್ಟು ಬೀಳಬಹುದು.

ಧೂಳು ತೊಳೆಯುವುದಕ್ಕೆ ದೊಡ್ಡ ಖರ್ಚೇನಿಲ್ಲ. ಆದರೆ ಪ್ಯಾನೆಲ್‌ನ ಕರೆಂಟನ್ನು ಮನೆಬಳಕೆಗೆ ಒಗ್ಗಿಸುವ ಇನ್ವರ್ಟರ್ ಪ್ಯಾನೆಲ್‌ನಷ್ಟು ಕಾಲ ಬಾಳುವುದಿಲ್ಲ. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲು ಹಣ ತೆಗೆದಿರಿಸಿ. ಕರೆಂಟ್ ಹೋದಾಗಲೂ ಮನೆ ಬೆಳಗುತ್ತದೆಂಬ ನಿರೀಕ್ಷೆಯಿದ್ದರೆ ಮೊದಲೇ ತಿಳಿಯಿರಿ: ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು, ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್ ಲೈನ್ ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಆ ಹೊತ್ತಿಗೂ ಬೆಳಕು ಬೇಕೆಂದರೆ ಬ್ಯಾಟರಿ ಬೇಕು. ಬ್ಯಾಟರಿಯ ಬೆಲೆ ಸೇರಿದರೆ ಮೇಲಿನ ಐದೂವರೆ ವರ್ಷದ ಲೆಕ್ಕ ನಿಲ್ಲುವುದಿಲ್ಲ; ಅದನ್ನು ಉಳಿತಾಯಕ್ಕೆ ಸೇರಿಸದೆ, ಬೇರೆಯೇ ಅನುಕೂಲಕ್ಕೆ ತೆರುವ ಬೆಲೆಯೆಂದು ಪ್ರತ್ಯೇಕವಾಗಿ ಬರೆದುಕೊಳ್ಳಿ.